ಭುಜಕ್ಕೆ ರಜೆ, ಕಾಲಿಗೆ ಕೆಲಸ

ನಮ್ಮ ಕಸುಬಿನಲ್ಲಿ ಮರದಿಂದ ಬೀಳುವುದು ಅಪರೂಪ, ಪೇಚಿಗೆ ಬೀಳುವುದು ದಿನಾ. ಒಂದನ್ನು ಮರೆಯುವುದರೊಳಗೆ ಇನ್ನೊಂದು ತಯಾರಾಗಿರುತ್ತದೆ.

ನಮ್ಮಪ್ಪ ಬೀದರ್ ಕಡೆಯಿಂದ ಹೈದರಾಬಾದಿಗೆ ಸರ್ಕಾರಿ ಕಾರ್ಖಾನೆಯ ನೌಕರಿಗೆ ಬಂದವರು. ಮಗ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಬೇಕು ಅಂತ ಅವರಿಗಿತ್ತು. ನಾನು ಬೇವಿನ ಮರದ ಗಾಳಿಯಲ್ಲೇ ಇಪ್ಪತ್ತು ವರ್ಷ ಕಳೆದೆ. ಮನೆಯ ಮೇಲೆ, ಕರೆಂಟಿನ ತಂತಿಯ ಮೇಲೆ ಬಾಗಿದ ಕೊಂಬೆಗಳನ್ನು ಹಗ್ಗದಲ್ಲಿ ನೇತಾಡಿಕೊಂಡು ಕೊಯ್ದು ಇಳಿಸುವುದು ನನ್ನ ಕೆಲಸ. ಕೆಳಗೆ ಹಗ್ಗ ಹಿಡಿದು ನಿಲ್ಲುವವನು ನನ್ನ ಜೊತೆಗಾರ. ನಲ್ಗೊಂಡ ಕಡೆಯವನು, ಮಾತು ಕಡಿಮೆ, ಶ್ರದ್ಧೆ ಜಾಸ್ತಿ. ಆ ಶ್ರದ್ಧೆಯಿಂದಲೇ ಇದೆಲ್ಲ ಶುರುವಾಯಿತು.

ಎರಡು ನಿಮಿಷ

ಒಂದು ಶಾಲೆಯ ಅಂಗಳದಲ್ಲಿ ದೊಡ್ಡ ಹುಣಸೆಮರ. ಬೆಳಿಗ್ಗೆ ಬೇಗ ಹತ್ತಿದ್ದೆ. ತುದಿಯ ಕೊಂಬೆಯನ್ನು ಬಲಗೈಯಲ್ಲಿ ಹಿಡಿದು ಮೈ ಚಾಚಿದ್ದೆ. ಸೊಂಟದ ಹಗ್ಗ ಹಿಂದಕ್ಕೆ ಎಳೆಯುತ್ತಿತ್ತು. ಸ್ವಲ್ಪ ಸಡಿಲ ಬಿಡು ಅಂತ ಕೂಗಬೇಕು, ಅಷ್ಟರಲ್ಲಿ ಕೆಳಗೆ ಮೈಕಿನಲ್ಲಿ ಹೆಡ್‌ಮಿಸ್ಸು, ತೀರಿಕೊಂಡ ಹಳೆಯ ಮೇಷ್ಟರೊಬ್ಬರಿಗಾಗಿ ಎರಡು ನಿಮಿಷ ಮೌನ ಅಂದರು.

ಮಕ್ಕಳೆಲ್ಲ ತಲೆ ತಗ್ಗಿಸಿದರು. ನನ್ನ ಜೊತೆಗಾರನೂ ತಗ್ಗಿಸಿದ. ಕಣ್ಣು ಮುಚ್ಚಿದ. ಹಗ್ಗವನ್ನು ಮಾತ್ರ ಎದೆಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ. ಕೈ ಬಿಟ್ಟರೆ ಜೋಕಾಲಿಯಂತೆ ಹೋಗಿ ಬೊಡ್ಡೆಗೆ ಬಡಿಯುತ್ತೇನೆ. ಕೂಗೋಣವೆಂದರೆ ಐನೂರು ಮಕ್ಕಳು ಮೌನವಾಗಿದ್ದಾರೆ. "ಶ್, ಶ್" ಅಂದೆ. ಕೆಳಗಿದ್ದ ಪಿ.ಟಿ. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ಗದರಿಸಿದರು.

ಎರಡು ನಿಮಿಷ ಮುಗಿಯುವ ಹೊತ್ತಿಗೆ ಭುಜದೊಳಗೆ ಏನೋ ಕಟಕ್ ಅಂದಿತ್ತು. ಇಳಿದು ಬಂದಾಗ ಹೆಡ್‌ಮಿಸ್ಸು ಬಂದು ಕೈ ಮುಗಿದರು. "ಇಷ್ಟು ಜನದಲ್ಲಿ ಒಂದು ಚೂರೂ ಅಲ್ಲಾಡದೆ ಇದ್ದವರು ನೀವೊಬ್ಬರೇ. ಮುಂದಿನ ವರ್ಷವೂ ಬನ್ನಿ."

ಮರ ಮೇಲೈತ್ರಿ

ನೋವು ಹೋಗಲಿಲ್ಲ. ಬಾಚಣಿಗೆ ಎತ್ತಿದರೂ ಪ್ರಾಣ ಹೋದಂತಾಗುತ್ತಿತ್ತು. ಹೆಂಡತಿ ಮೆಹದಿಪಟ್ಟಣಂನಲ್ಲಿ ಕೈಕಾಲು ನೋವಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಧಾರವಾಡದ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ನನ್ನ ಕನ್ನಡ ಕೇಳಿ ಅವರಿಗೆ ಖುಷಿಯಾಯಿತು. ನನ್ನ ಭುಜ ನೋಡಿ ಆಗಲಿಲ್ಲ.

"ದಿನಕ್ಕ ಎಷ್ಟು ತಾಸು ಕೈ ತಲಿ ಮ್ಯಾಲೆ ಎತ್ತಿ ಕೆಲಸ ಮಾಡ್ತೀರಿ?"

"ನಾಕು ತಾಸು ಆಗತೈತ್ರಿ."

"ಅಷ್ಟೊತ್ತು ಯಾಕ ಮ್ಯಾಲೆ ಎತ್ತಬೇಕು?"

"ಮರ ಮೇಲೈತ್ರಿ."

ಅವರು ಪೆನ್ನು ಕೆಳಗಿಟ್ಟರು. ಆರು ವಾರ ಮರ ಮುಟ್ಟಬಾರದು ಅಂದರು. ಕೆಲಸಕ್ಕೆ ಮುಂಚೆ ಮೈ ಬೆಚ್ಚಗಾಗುವಂತೆ ವ್ಯಾಯಾಮ ಮಾಡಬೇಕು, ಕೈಯಲ್ಲಿ ಎಳೆಯುವುದನ್ನು ಬಿಟ್ಟು ಕಾಲಿನಲ್ಲಿ ಹತ್ತುವುದನ್ನು ಕಲಿಯಬೇಕು. ಆರು ವಾರದ ಮೇಲೆ ಪರೀಕ್ಷೆ. "ಆಗಲೂ ಭುಜ ಹಿಂಗ ಇದ್ರ ಮರದ ಆಸೆ ಬಿಡ್ರಿ. ನೆಲದ ಮ್ಯಾಲಿನ ಕೆಲಸ ಹುಡುಕ್ರಿ."

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನೆಲದ ಮೇಲಿನ ಕೆಲಸ ಒಂದೂ ನನಗೆ ಬರುವುದಿಲ್ಲ. ಹೊರಗೆ ಬಂದು ಹೆಂಡತಿಗೆ ಹಾಗೇ ಹೇಳಿದೆ. "ಅದು ಮದುವ್ಯಾದಾಗಿಂದ ನನಗೂ ಗೊತ್ತೈತಿ," ಅಂದಳು.

ನೆರಳಿನ ಕೆಳಗೆ

ಬೇರೆ ಹತ್ತುವವನೊಬ್ಬನನ್ನು ಗೊತ್ತು ಮಾಡಿ, ನಾನು ಕೆಳಗೆ ನಿಂತು ಉಸ್ತುವಾರಿ ನೋಡತೊಡಗಿದೆ. ಹಿಮಾಯತ್‌ನಗರದ ಒಂದು ಹಳೆಯ ಗಲ್ಲಿಯಲ್ಲಿ ಬಾದಾಮಿ ಮರ. ಎಲೆ ಬಿದ್ದು ಬಿದ್ದು ಸಾಕಾಗಿದೆ, ಅರ್ಧ ಮರ ಕತ್ತರಿಸಿಬಿಡಿ ಅಂತ ಆ ಗಲ್ಲಿಯ ಹಿರಿಯರೇ ಕರೆಸಿದ್ದರು.

ಡಾಕ್ಟರಮ್ಮ ಹೇಳಿದಂತೆ ಮೂವರೂ ಮರದ ಕೆಳಗೆ ಸಾಲಾಗಿ ನಿಂತು ವ್ಯಾಯಾಮಕ್ಕೆ ಶುರು ಮಾಡಿದೆವು. ತೋಳು ತಿರುಗಿಸುವುದು, ಸೊಂಟ ಬಾಗಿಸುವುದು, ಮಣಿಕಟ್ಟು ಸಡಿಲ ಮಾಡುವುದು. ವಾಕಿಂಗ್ ಮುಗಿಸಿ ಬರುತ್ತಿದ್ದ, ನಮ್ಮ ಬೀದರ್ ಕಡೆಯವರೇ ಆದ ಒಬ್ಬ ಅಜ್ಜ ಚಪ್ಪಲಿ ಬಿಟ್ಟು ನಮ್ಮ ಹಿಂದೆ ನಿಂತರು. ಹಾಲು ತರಲು ಹೊರಟಿದ್ದ ಇಬ್ಬರು ಹೆಂಗಸರು ಹಾಲಿನ ಪಾತ್ರೆ ಗೋಡೆಯ ಮೇಲಿಟ್ಟು ಸೇರಿಕೊಂಡರು. ತಿರುಗಿ ನೋಡುವಷ್ಟರಲ್ಲಿ ಹನ್ನೆರಡು ಜನ. ನಾನು ಮೂಗು ತುರಿಸಿಕೊಂಡೆ, ಹನ್ನೆರಡು ಜನವೂ ತುರಿಸಿಕೊಂಡರು.

ಮುಗಿದ ಮೇಲೆ ಎಲ್ಲರಿಗೂ ಮೈ ಹಗುರಾಗಿತ್ತು. ನಾವು ಹಗ್ಗ ಎಸೆದೆವು. ಅಜ್ಜ ಓಡಿಬಂದು ಹಗ್ಗ ಹಿಡಿದುಕೊಂಡರು. "ಏನ್ ಮಾಡಾಕತ್ತೀರಿ? ಮರ ಕಡದ್ರ ನಾಳೆ ನೆರಳಿಗೆ ಎಲ್ಲಿ ನಿಲ್ಲೋಣು? ನೀವು ಬರ್ರಿ, ಹಗ್ಗ ತರಬ್ಯಾಡ್ರಿ." ಕೈಗೆ ಬಂದ ಕೆಲಸ ಹೀಗೆ ವ್ಯಾಯಾಮ ಮಾಡಿ ಕಳೆದುಕೊಂಡ ಮೇಸ್ತ್ರಿ ಈ ಊರಲ್ಲಿ ನಾನೊಬ್ಬನೇ ಇರಬೇಕು.

ಮೆಟ್ರೋದಲ್ಲಿ ಅಭ್ಯಾಸ

ಕಾಲಿನಲ್ಲಿ ಹತ್ತುವುದು ಕೇಳಲಿಕ್ಕೆ ಸುಲಭ. ಹಗ್ಗವನ್ನು ಒಂದು ಪಾದದ ಹೊರಗಿನಿಂದ ಅಡಿಗೆ ತರಬೇಕು, ಇನ್ನೊಂದು ಪಾದದಿಂದ ಒತ್ತಿ ಹಿಡಿಯಬೇಕು. ಹಿಡಿತ ಸಿಕ್ಕರೆ ಅದೇ ಮೆಟ್ಟಿಲು. ಅದರ ಮೇಲೆ ನಿಲ್ಲಬೇಕು, ಕೈಗೆ ಭಾರ ಕೊಡಬಾರದು. ಹುಡುಗನಾಗಿದ್ದಾಗಿನಿಂದ ಕೈಯಲ್ಲೇ ಎಳೆದು ರೂಢಿಯಾದ ನನಗೆ ಕಾಲು ಮಾತು ಕೇಳುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತು, ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ದಿನವಿಡೀ ತಿದ್ದುತ್ತಿದ್ದೆ. ಆಮೇಲಾಮೇಲೆ ಕಾಲು ತಾನಾಗಿಯೇ ಮಾಡತೊಡಗಿತು.

ಒಂದು ಮಧ್ಯಾಹ್ನ ಮೆಟ್ರೋದಲ್ಲಿ ಸೀಟು ಸಿಕ್ಕಿತ್ತು. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಆಲದ ಮರ ಹತ್ತುತ್ತಿದ್ದೆ. ಹಗ್ಗ ಚೆನ್ನಾಗಿ ಸಿಕ್ಕಿತ್ತು. ಯಾಕೋ ಅದು ಮೇಲಕ್ಕೆ ಜಗ್ಗಿತು. ನಾನೂ ಬಿಡಲಿಲ್ಲ. ಕಣ್ಣು ಬಿಟ್ಟರೆ ಅಮೀರ್‌ಪೇಟ್ ಬಂದಿದೆ, ಬಾಗಿಲು ತೆರೆದಿದೆ. ಕೋಚಿಂಗ್‌ಗೆ ಬಂದ ಯುವಕನೊಬ್ಬ ನೆಲದ ಮೇಲಿಟ್ಟಿದ್ದ ತನ್ನ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದಾನೆ. ಪಟ್ಟಿಯ ಇನ್ನೊಂದು ತುದಿ ನನ್ನ ಪಾದಗಳ ನಡುವೆ. ಬಾಗಿಲು ಮುಚ್ಚಿತು, ಗಾಡಿ ಹೊರಟಿತು.

ಕ್ಷಮೆ ಕೇಳಿದೆ. ಕೇಳುತ್ತಲೇ ಒಳಗೊಳಗೆ ಖುಷಿಯೂ ಆಯಿತು, ಎರಡು ಕೈ ಎಳೆದರೂ ನನ್ನ ಕಾಲು ಬಿಟ್ಟಿರಲಿಲ್ಲವಲ್ಲ. ಆತ ಮೈಸೂರಿನವನು, ಬೈಯಲೂ ಬಾರದ ಸಂಭಾವಿತ. "ಪರವಾಗಿಲ್ಲ ಬಿಡಿ ಅಂಕಲ್," ಅಂದ. "ಈ ಊರಲ್ಲಿ ಬ್ಯಾಗಿಗೆ ಕೈ ಹಾಕೋರು ಇರ್ತಾರೆ ಅಂತ ಮನೇಲಿ ಹೇಳಿದ್ರು. ಕಾಲಿನ ವಿಷಯ ಯಾರೂ ಹೇಳಿರಲಿಲ್ಲ."

ಪರೀಕ್ಷೆ

ಆರು ವಾರ ಕಳೆಯಿತು. ಪರೀಕ್ಷೆಯ ದಿನ ಬಂತು. ಇವತ್ತು ಇಲ್ಲ ಅಂದರೆ ಈ ಜನ್ಮಕ್ಕೆ ಇಲ್ಲ. ಜೊತೆಗಾರನನ್ನೂ ಹಗ್ಗದ ಚೀಲವನ್ನೂ ಕರೆದುಕೊಂಡೇ ಹೋದೆ.

ಡಾಕ್ಟರಮ್ಮ ಕೈ ಎತ್ತಿಸಿದರು, ತಿರುಗಿಸಿದರು. "ನೋವು?"

"ಇಲ್ರಿ."

"ಕೆಲಸಕ್ಕ ಹೋಗಬೇಕು ಅನ್ನೋರು ಎಲ್ಲಾರೂ ಹಂಗ ಅಂತಾರ. ಅದನ್ನ ನಂಬಿ ನಿಮ್ಮನ್ನ ಮರಕ್ಕ ಕಳಸಲೇನು?"

"ನಂಬಬ್ಯಾಡ್ರಿ. ನಿಮ್ಮ ಅಂಗಳದಾಗ ಬೇವಿನ ಮರ ಐತಿ. ಒಣಾ ಕೊಂಬಿ ಒಂದು ಸ್ಕೂಟರ್‌ಗಳ ಮ್ಯಾಲೆ ಜೋತು ಬಿದ್ದೈತಿ. ಹತ್ತಿ ತೋರಸ್ತೀನಿ. ಕೈಲೆ ಎಳದ್ರ ಅಲ್ಲೇ ಇಳಸ್ರಿ."

ಅವರು ಎದ್ದು ಅಂಗಳಕ್ಕೆ ಬಂದರು. ಸ್ಕೂಟರ್‌ಗಳನ್ನು ಸರಿಸಿ, ಹಗ್ಗ ಹಾಕಿ, ಸೊಂಟಕ್ಕೆ ಗಂಟು ಬಿಗಿದು ಹತ್ತತೊಡಗಿದೆ. "ಕೈ ಬ್ಯಾಡ, ಕಾಲು, ಕಾಲು," ಅಂತ ಅವರು ಕೆಳಗಿನಿಂದ ಹೇಳುತ್ತಲೇ ಇದ್ದರು. ಪಾದ ಹಗ್ಗ ಹಿಡಿಯಿತು, ಎದ್ದು ನಿಂತೆ, ಮತ್ತೆ ಹಿಡಿಯಿತು, ಮತ್ತೆ ನಿಂತೆ. ಕವಲಿಗೆ ಮುಟ್ಟಿ ಕೂತಾಗ ಭುಜ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಕಣ್ಣು ತುಂಬಿ ಬಂತು. ಒಣ ಕೊಂಬೆಯನ್ನು ಕೊಯ್ದು ಹಗ್ಗದಲ್ಲಿ ನಿಧಾನವಾಗಿ ಇಳಿಸಿ, ಹೆಮ್ಮೆಯಿಂದ ಡಾಕ್ಟರಮ್ಮನನ್ನು ನೋಡಿದೆ.

ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಒಳಗೆ ಸರದಿಗೆ ಕಾಯುತ್ತಿದ್ದವರೆಲ್ಲ ಅಂಗಳಕ್ಕೆ ಬಂದುಬಿಟ್ಟಿದ್ದರು. ಬಹಳಷ್ಟು ಜನ ಕುತ್ತಿಗೆ ನೋವಿನವರು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು. ಕುತ್ತಿಗೆಗೆ ಹಾಕಿದ ಪಟ್ಟಿ ಅಡ್ಡ ಬರುತ್ತದೆ ಅಂತ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ತಲೆ ಪೂರ್ತಿ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಮೊಣಕಾಲು ನೋವಿನವರೊಬ್ಬರು ಚೆನ್ನಾಗಿ ಕಾಣಲಿ ಅಂತ ಕಾಂಪೌಂಡು ಗೋಡೆ ಏರಿ ನಿಂತಿದ್ದರು. ಕೊಡ ಕೂಡ ಎತ್ತಬಾರದು ಅಂತ ಸೊಂಟಕ್ಕೆ ಬೆಲ್ಟು ಹಾಕಿಸಿಕೊಂಡ ಹೆಂಗಸು ನನ್ನ ಜೊತೆಗಾರನ ಜೊತೆ ಸೇರಿ ಕೊಂಬೆಯನ್ನು ಗೇಟಿಗೆ ಎಳೆಯುತ್ತಿದ್ದರು.

"ಎಲ್ಲಾರೂ ಕುತ್ತಿಗಿ ಕೆಳಗ ಇಳಸ್ರಿ," ಅಂತ ಡಾಕ್ಟರಮ್ಮ ಕನ್ನಡದಲ್ಲೇ ಕೂಗಿದರು, ಆಮೇಲೆ ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ. ಎಂಟು ಜನ ಹೇಗೋ ಇಳಿಸಿದರು. ಒಬ್ಬ ಹಿರಿಯರು ಮಾತ್ರ ಆಕಾಶ ನೋಡುತ್ತಲೇ ನಿಂತಿದ್ದರು. ಎರಡು ತಿಂಗಳಿಂದ ಕುತ್ತಿಗೆ ಮೇಲೆ ಎತ್ತಲಿಕ್ಕೇ ಆಗುವುದಿಲ್ಲ ಅಂತ ಬರುತ್ತಿದ್ದವರಂತೆ. "ಮೇಲಕ್ಕೇನೋ ಹೋಯಿತಮ್ಮಾ, ಈಗ ಕೆಳಗೆ ಬರುತ್ತಿಲ್ಲ," ಅಂತ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು.

ನಾನು ಸದ್ದಿಲ್ಲದೆ ಇಳಿದು, ಕೈ ಕಟ್ಟಿ ನಿಂತೆ. ಡಾಕ್ಟರಮ್ಮ ಒಂದು ಕೈಯಲ್ಲಿ ಆ ಹಿರಿಯರ ತಲೆ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ನನ್ನ ಭುಜ ಒತ್ತಿ ನೋಡಿದರು.

"ನಾಳಿಂದ ಕೆಲಸಕ್ಕ ಹೋಗ್ರಿ," ಅಂದರು. "ಈ ಊರಾಗ ಎಲ್ಲಿ ಬೇಕಾದ್ರೂ ಹತ್ರಿ, ಈ ಅಂಗಳಕ್ಕ ಮಾತ್ರ ಬರಬ್ಯಾಡ್ರಿ. ನಿಮ್ಮದೊಂದು ಭುಜ ನೆಟ್ಟಗ ಮಾಡಾಕ ಹೋಗಿ ನನಗ ಒಂಬತ್ತು ಕುತ್ತಿಗಿ ಸೊಟ್ಟ ಆದ್ವು."