ಗೇರ್‌ಬಾಕ್ಸಿನ ಜ್ವರ ಮತ್ತು ಸುಮಾಳ ಬಯಕೆ

ಗಂಡಸರ ಬಗ್ಗೆ ನನಗೊಂದು ಅನುಮಾನವಿದೆ. ಹೆಂಡತಿ ಏನಾದರೂ ಕೇಳಿದರೆ ನಾವು ಅವಳು ಕೇಳಿದ್ದನ್ನು ಕೊಡುವುದಿಲ್ಲ, ಅದಕ್ಕೊಂದು ಯಂತ್ರವನ್ನು ತಂದುಕೊಡುತ್ತೇವೆ. ಹಾಡು ಕೇಳಬೇಕೆಂದರೆ ಟೇಪ್‌ರೆಕಾರ್ಡರ್, ಚಟ್ನಿ ತಿನ್ನಬೇಕೆಂದರೆ ಮಿಕ್ಸಿ. ನಾವು ಕತಾರಿನ ದೋಹಾದಲ್ಲಿದ್ದಾಗ, ಏಳು ತಿಂಗಳ ಬಸುರಿಯಾಗಿದ್ದ ನನ್ನ ಹೆಂಡತಿ ಸುಮಾ ಒಂದು ಸಂಜೆ, "ದುಖಾನ್ ಕಡೆ ಸಮುದ್ರದ ದಂಡೇಲಿ ಕೂತು ಮೊಸರನ್ನ ತಿನ್ಬೇಕು ಅನ್ಸತ್ತೆ ಕಣ್ರೀ" ಎಂದಳು. ಬಸುರಿಯ ಬಯಕೆ, ತೀರಿಸದೆ ಬಿಡುವಂತಿಲ್ಲ. ಒಂದು ಡಬ್ಬಿ ಮೊಸರನ್ನ, ಒಂದು ಚಾಪೆ ಸಾಕಿತ್ತು. ನಾನು ಮೋಟಾರ್‌ಹೋಮ್ ತಂದೆ.

ನಮ್ಮ ಕಂಪನಿಯ ಇಂಗ್ಲಿಷ್ ಸೂಪರ್‌ವೈಸರೊಬ್ಬ ಕತಾರ್ ಬಿಟ್ಟು ಊರಿಗೆ ಹೊರಟಾಗ ನನಗೆ ಗಂಟುಹಾಕಿ ಹೋದ ವಾಹನವದು. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ಜಾಗ, ಎಲ್ಲವೂ ಇತ್ತು. ಅಲ್ ಹಿಲಾಲ್ ಬಡಾವಣೆಯ ನಮ್ಮ ಕಟ್ಟಡದೆದುರು ನಿಲ್ಲಿಸಿದರೆ ಕೆಳಗಿನ ದಿನಸಿ ಅಂಗಡಿಯ ಬೋರ್ಡೇ ಮುಚ್ಚಿಹೋಗುತ್ತಿತ್ತು. ಅಂಗಡಿಯ ಮಲಯಾಳಿ ಯಜಮಾನರು ನನ್ನೊಡನೆ ಮಾತು ಬಿಟ್ಟರು. ದೋಹಾದ ಕನ್ನಡಿಗರೆಲ್ಲ ಸಂಸಾರ ಸಮೇತ ಬಂದು, ಮಂಚದ ಮೇಲೆ ಕೂತು, ಕಾಫಿ ಕುಡಿದು, "ಪರವಾಗಿಲ್ಲ ಕಣಯ್ಯ" ಎಂದು ನಿಟ್ಟುಸಿರು ಬಿಟ್ಟು ಹೋದರು.

ಈ ನಿಟ್ಟುಸಿರುಗಳ ಸುದ್ದಿ ಹೇಗೋ ಮೈಸೂರು ತಲುಪಿತು. ಅಮ್ಮ ಫೋನಿನಲ್ಲಿ, "ಬಸುರಿ ಹೆಂಗಸು ಓಡಾಡೋ ಗಾಡಿ, ನಾಲ್ಕು ಜನರ ಕಣ್ಣು ಬೀಳತ್ತೆ ಕಣೋ" ಎಂದವಳೇ, ರಜೆ ಮುಗಿಸಿ ಬರುತ್ತಿದ್ದ ಪರಿಚಯದವರೊಬ್ಬರ ಕೈಲಿ ದೃಷ್ಟಿಬೊಂಬೆ ಕಳಿಸಿದಳು. ಮೊರದಷ್ಟಗಲದ ತಗಡು, ಅದರ ಮೇಲೆ ಗುಡ್ಡೆಕಣ್ಣು, ಪೊದೆಮೀಸೆ, ಹೊರಚಾಚಿದ ನಾಲಿಗೆ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಬೊಂಬೆಯನ್ನೂ ಅದನ್ನು ತಂದವರನ್ನೂ ಎರಡೆರಡು ಸಲ ಹೋಲಿಸಿ ನೋಡಿ ಬಿಟ್ಟನಂತೆ. ನಾನು ಅದನ್ನು ಗಾಡಿಯ ಮುಂಭಾಗದ ಜಾಲರಿಗೆ ತಂತಿಯಿಂದ ಭದ್ರವಾಗಿ ಬಿಗಿದೆ.

ಇಷ್ಟಾದ ಮೇಲೆ ಶುರುವಾದದ್ದು ಗೇರ್‌ಬಾಕ್ಸಿನ ಜ್ವರ. ಹಳೆಯ ಯಜಮಾನ ಗೇರ್ ಎಣ್ಣೆಯ ಬಿಸಿ ತೋರಿಸಲು ಸ್ಟಿಯರಿಂಗಿನ ಪಕ್ಕ ಒಂದು ಮೀಟರ್ ಕೂರಿಸಿದ್ದ. ವಾರದ ರಜೆಯ ದಿನ, ಶುಕ್ರವಾರ, ದುಖಾನ್‌ಗೆ ಹೊರಟೆವು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ಕೆಂಪಿಗೇರಿ, ಸುಟ್ಟ ಎಣ್ಣೆಯ ವಾಸನೆ ಬಂತು. ನಿಲ್ಲಿಸಿ, ತಣಿಸಿ, ಮನೆಗೆ ಮರಳಿದೆವು. ಮುಂದಿನ ಶುಕ್ರವಾರವೂ ಅದೇ ಕಥೆ. ನಾನಾದರೋ ರಾಸ್ ಲಫಾನಿನ ಗ್ಯಾಸ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಪೂರ್ತಿ ಕೊಳವೆಗಳ ಬಿಸಿ ನೋಡುತ್ತ ಸಂಬಳ ಎಣಿಸುವವನು! ಎಣ್ಣೆ ಬದಲಿಸಿದೆ, ಫಿಲ್ಟರ್ ಬದಲಿಸಿದೆ, ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದೆಳೆದು ಸವೆಸಿದೆ. ವರ್ಕ್‌ಶಾಪಿನವನು ನಿಂತಲ್ಲೇ ಇಂಜಿನ್ ಓಡಿಸಿ, "ಮಾಫಿ ಮುಷ್ಕಿಲ್" ಎಂದು ಕೈತೊಳೆದುಕೊಂಡ. ಏನೂ ತೊಂದರೆಯಿಲ್ಲವಂತೆ. ಸುಮಾ ಹೆರಿಗೆಗೆಂದು ಮೈಸೂರಿಗೆ ಹೊರಡಲು ವಾರವೂ ಉಳಿದಿರಲಿಲ್ಲ. ಇದ್ದದ್ದು ಒಂದೇ ಶುಕ್ರವಾರ.

ಆ ಶುಕ್ರವಾರ ಲಾರೆನ್ಸ್‌ನನ್ನು ಜೊತೆಗೆ ಕರೆದೆ. ಉಡುಪಿ ಕಡೆಯವನು, ನಮ್ಮ ಅಕೌಂಟ್ಸ್ ವಿಭಾಗದಲ್ಲಿದ್ದ. ಗಾಡಿಗಳ ಹುಚ್ಚು, ಅವುಗಳ ಬಗ್ಗೆ ಮಾತು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ, ತನ್ನಷ್ಟು ಬಲ್ಲವರು ದೋಹಾದಲ್ಲಿಲ್ಲ ಎಂದು ಹೇಳಿಕೊಳ್ಳಲು ಹಿಂಜರಿಯುತ್ತಲೂ ಇರಲಿಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದಾಗ ಅವನು ಎಂದೂ ಯಾರನ್ನೂ ಬೈದವನಲ್ಲ. ಎಲ್ಲಿಯವರೆಗೆ ಸರಿಯಿತ್ತೋ ಅಲ್ಲಿಯವರೆಗೂ ಹಿಂದಕ್ಕೆ ಹೋಗಿ, ಅಲ್ಲಿಂದ ಮೆಲ್ಲಗೆ ಮುಂದಕ್ಕೆ ಬರುತ್ತಿದ್ದ. ಮನುಷ್ಯರಲ್ಲಿ ಇಂಥ ತಾಳ್ಮೆಯನ್ನು ನಾನು ಹೆಚ್ಚು ಕಂಡಿಲ್ಲ.

ಮುಳ್ಳು ಎಂದಿನ ಜಾಗದಲ್ಲೇ ಏರಿತು. ರಸ್ತೆ ಬದಿಯ ಮರಳಿಗೆ ಇಳಿಸಿ ನಿಲ್ಲಿಸಿದೆ. ಸುಮಾ ಮೊಸರನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕಿಟಕಿಯಿಂದ ಇಣುಕುತ್ತಿದ್ದಳು. ನಾನು ಎಣ್ಣೆಯ ಕಡ್ಡಿ ಎಳೆದು ಹಿಡಿದುಕೊಂಡು, ಪಂಪು ಹೋಗಿರಬಹುದು, ಗೇರ್ ಸವೆದಿರಬಹುದು ಎಂದು ಶುರುಮಾಡಿದೆ.

"ಒಂದು ನಿಮಿಷ ಮಾರಾಯ್ರೆ," ಎಂದ ಲಾರೆನ್ಸ್. "ಗಾಡಿ ನಿಮ್ಮ ಕೈಗೆ ಬಂದಾಗಲೂ ಹೀಗೇ ಇತ್ತಾ?"

"ಇಲ್ಲ. ರಾಸ್ ಲಫಾನ್‌ವರೆಗೂ ಓಡಿಸಿದ್ದೆ, ತಣ್ಣಗಿತ್ತು."

"ಮತ್ತೆ ಆಮೇಲೆ ಎಂತ ಬದಲಾಯ್ತು?"

"ಏನೂ ಇಲ್ಲವಲ್ಲ," ಎಂದೆ, ಬೊಂಬೆಯ ಮೀಸೆಯ ಮೇಲೆ ಕೈಯೂರಿ ನಿಂತುಕೊಂಡು.

ಲಾರೆನ್ಸ್ ನನ್ನ ಕೈಯನ್ನು ನೋಡಿದ. ಬಗ್ಗಿ ಬೊಂಬೆಯ ಹಿಂದೆ ಬೆರಳು ತೂರಿಸಿ, ಬಿಸಿ ತಾಗಿ, ಥಟ್ಟನೆ ಎಳೆದುಕೊಂಡ. ಅವನಿಗೆ ಅಷ್ಟರಲ್ಲೇ ಗೊತ್ತಾಗಿಹೋಗಿತ್ತು. ನಾನಾಗಿದ್ದರೆ ಕೂಗಿ ಊರಿಗೆಲ್ಲ ಸಾರುತ್ತಿದ್ದೆ. ಅವನು ಕಿಟಕಿಯತ್ತ ತಿರುಗಿದ.

"ಅಕ್ಕಾ, ನಿಮ್ಮಲ್ಲಿ ಒಂದು ಮಾತು. ಈ ದೇಶದಲ್ಲಿ ಕೆಟ್ಟ ಕಣ್ಣು ಎದುರಿಂದ ಬರುವುದಿಲ್ಲ. ಲ್ಯಾಂಡ್ ಕ್ರೂಸರಿನವರು ಹಿಂದಿನಿಂದ ಲೈಟ್ ಹೊಡೀತಾ ಬರ್ತಾರಲ್ಲ, ಆ ಕಣ್ಣೇ ಕಣ್ಣು. ಬೊಂಬೆ ಹಿಂದೆ ಇದ್ರೆ ಒಳ್ಳೇದು ಅಂತ ನನಗೆ ಕಾಣ್ತದೆ."

ಸುಮಾ ಯೋಚಿಸಿದಳು. "ಹೌದಲ್ವಾ? ಅತ್ತೆಗೆ ಪಾಪ ಇಲ್ಲಿನ ರಸ್ತೆ ಗೊತ್ತಿಲ್ಲ. ಆದ್ರೆ ಕೆಳಗಿಡ್ಬೇಡಿ ಲಾರೆನ್ಸ್, ಒಳ್ಳೇದಲ್ಲ."

ಅವನು ಇಡಲಿಲ್ಲ. ತಂತಿ ಬಿಚ್ಚಿ, ಎರಡೂ ಕೈಯಲ್ಲಿ ಎದೆಗೆ ಹಿಡಿದು, ಚರ್ಚಿನಲ್ಲಿ ಮೆರವಣಿಗೆ ಹೊರಟವನ ಹಾಗೆ ನಿಧಾನವಾಗಿ ಗಾಡಿಯನ್ನು ಬಳಸಿ ಬಂದು, ಛಾವಣಿಗೆ ಹತ್ತುವ ಹಿಂದಿನ ಏಣಿಗೆ ಕಟ್ಟಿದ. ಆಮೇಲೆ ನನ್ನ ಕಿವಿಯಲ್ಲಿ, "ಗೇರ್ ಎಣ್ಣೆ ತಣಿಸುವ ಸಣ್ಣ ಕೂಲರ್ ಆ ಬೊಂಬೆ ಇದ್ದ ಜಾಗದ ಬೆನ್ನಿಗೇ ಉಂಟು. ಬರುವ ಗಾಳಿಯನ್ನೆಲ್ಲ ಬೊಂಬೆಯೇ ಕುಡೀತಿತ್ತು" ಎಂದ. ಒಂದೇ ಏಟಿಗೆ ಗೇರ್‌ಬಾಕ್ಸು, ಬಸುರಿಯ ಮನಸ್ಸು, ಮೈಸೂರಿನ ನಮ್ಮಮ್ಮನ ಮರ್ಯಾದೆ ಮೂರನ್ನೂ ಉಳಿಸಿದ ಮನುಷ್ಯನನ್ನು ನಾನು ಬಾಯಿ ತೆರೆದು ನೋಡಿದೆ. ಎಣ್ಣೆಯ ಕಡ್ಡಿ ಇನ್ನೂ ನನ್ನ ಕೈಯಲ್ಲೇ ಇತ್ತು.

ದುಖಾನ್‌ವರೆಗೆ ಮುಳ್ಳು ಮಿಸುಕಲಿಲ್ಲ. ಲಾರೆನ್ಸ್ ತನ್ನ ಪಾಲಿನ ಮೊಸರನ್ನ ಹಿಡಿದು, ನಮ್ಮನ್ನು ನಮ್ಮ ಪಾಡಿಗೆ ಬಿಟ್ಟು, ನೀರಿನ ಅಂಚಿಗೆ ಮೀನು ನೋಡಲು ಹೋದ. ಅದೂ ಅವನ ಸೂಕ್ಷ್ಮತೆಯೇ. ಸುಮಾ ದಂಡೆಯಲ್ಲಿ ಕಾಲು ಚಾಚಿ ಕೂತು ತೃಪ್ತಿಯಾಗಿ ತಿಂದಳು.

"ಅಂತೂ ಬಯಕೆ ತೀರಿತಲ್ಲ?" ಎಂದೆ ಹೆಮ್ಮೆಯಿಂದ.

"ಅದು ಮೊದಲನೇ ಶುಕ್ರವಾರವೇ ತೀರಿತ್ತು ಕಣ್ರೀ," ಎಂದಳು. "ಗಾಡಿ ತಣ್ಣಗಾಗೋವರೆಗೂ ಒಳಗೆ ನನ್ನ ಪಕ್ಕ ಕೂತಿದ್ರಲ್ಲ. ಶಿಫ್ಟ್ ಮಾತಿಲ್ಲ, ಪೇಪರ್ ಇಲ್ಲ. ಮದುವೆ ಆದ್ಮೇಲೆ ಅಷ್ಟು ಹೊತ್ತು ನೀವು ಸುಮ್ನೆ ನನ್ನ ಪಕ್ಕ ಕೂತಿದ್ದು ಅದೇ ಮೊದಲು. ಎರಡನೇ ಸಲ ಕೆಟ್ಟಾಗ ನಂಗೆ ಖುಷೀನೇ ಆಯ್ತು. ಲಾರೆನ್ಸ್ ಇಷ್ಟು ಬೇಗ ಸರಿಮಾಡ್ತಾರೆ ಅಂತ ಗೊತ್ತಿದ್ರೆ ಕರೀಬೇಡಿ ಅಂತಿದ್ದೆ."

ಅವಳ ಕೈ ಹಿಡಿದುಕೊಂಡೆ. ಗಾಡಿಯೊಳಗೆ ಮೀಟರಿನ ಮುಳ್ಳು ಇಳಿಯುವುದು ಸರಿಯಾಗಿ ಕಾಣುತ್ತಿದ್ದದ್ದು ಸ್ಟಿಯರಿಂಗಿನ ಎದುರಿನ, ಅವಳ ಪಕ್ಕದ ಆ ಒಂದು ಸೀಟಿನಿಂದ ಮಾತ್ರ ಎಂಬುದನ್ನು ಅವತ್ತು ಹೇಳಲಿಲ್ಲ; ಇವತ್ತಿಗೂ ಹೇಳುವ ಧೈರ್ಯ ಬಂದಿಲ್ಲ.