ಕೆಟ್ಟ ಮಾನಿಟರಿಗಾಗಿ ಚಿಕ್ಕಮ್ಮನ ದಿಗ್ವಿಜಯ

ಲೋಕದ ಜನರೆಲ್ಲ ‘ಒಳ್ಳೇದು ಕೊಡಿ’ ಎಂದು ಕೇಳಿದರೆ, ‘ಕೆಟ್ಟಿದ್ದೇ ಬೇಕು, ಚೆನ್ನಾಗಿದ್ದರೆ ಮುಟ್ಟೋದಿಲ್ಲ’ ಎಂದು ಹಟ ಹಿಡಿಯುವವರು ನಮ್ಮ ಚಿಕ್ಕಮ್ಮ ಒಬ್ಬರೇ. ನಂಬುವುದಿಲ್ಲವೇ? ಚಿಂತಾಮಣಿಗೆ ಬನ್ನಿ, ಅವರ ನಡುಮನೆಯಲ್ಲಿ ಕಾಲಿಡಲು ಜಾಗವಿದ್ದರೆ ಕೇಳಿ!

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು ತೆಪ್ಪಗೆ ಧಾರಾವಾಹಿ ನೋಡಿಕೊಂಡು ಇರಬಾರದೆ? ಬೀದಿಯ ಹೆಂಗಸರಿಗೆಲ್ಲ ಭಾನುವಾರದಿಂದ ರಿಪೇರಿ ಕ್ಲಾಸು ಎಂದು ಸಾರಿಬಿಟ್ಟರು. ಅದೂ ಯಾವುದರ ಮೇಲೆ? ಬೆನ್ನು ಉಬ್ಬಿದ ಹಳೇ ಕಾಲದ ಕಂಪ್ಯೂಟರ್ ಮಾನಿಟರುಗಳ ಮೇಲೆ! ಈಗಿನವು ಕೆಟ್ಟರೆ ಬಿಸಾಕುತ್ತಾರೆ, ಯಾಕೆ ಕೆಟ್ಟಿತೆಂದು ಹುಡುಕುವುದನ್ನು ಕಲಿಯಲು ಹಳೆಯದೇ ಸರಿ ಎಂಬುದು ಅವರ ವಾದ. ಆ ಹೆಂಗಸರೋ, ಮನೆಯಲ್ಲಿ ಕಾಡಿ ಬೇಡಿ ಅಪ್ಪಣೆ ಪಡೆದವರು. ಮೊದಲ ದಿನವೇ ಏನೂ ಕಲಿಯದೆ ಹಿಂತಿರುಗಿದರೆ ಮತ್ತೆ ಯಾರೂ ಕಳಿಸುವುದಿಲ್ಲವೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಹಾಗಾಗಿ ನನ್ನ ಕಾರು, ನನ್ನ ಪೆಟ್ರೋಲು, ನನ್ನ ಸೊಂಟ ಎಲ್ಲವೂ ಅವರ ಸೇವೆಗೆ ಹೊರಟವು.

ಶಿಡ್ಲಘಟ್ಟದಲ್ಲಿ ಪರಿಚಯದ ರೇಷ್ಮೆ ವ್ಯಾಪಾರಿಯ ಅಟ್ಟದ ಮೇಲೊಂದು ಮಾನಿಟರ್ ಸತ್ತು ಬಿದ್ದಿದೆಯೆಂದು ಸುದ್ದಿ ಬಂತು. ಫೋನ್ ಮಾಡಿ ಹೋದೆವು. ಅದು ಟೀಪಾಯಿ ಮೇಲೆ ಕುಂಕುಮ ಇಡಿಸಿಕೊಂಡು ಝಗಝಗ ಬೆಳಗುತ್ತಿದೆ! ನಾವು ಬರುತ್ತೇವೆಂದು ಹಿಂದಿನ ದಿನವೇ ರಿಪೇರಿ ಮಾಡಿಸಿದ್ದರಂತೆ. “ಪಾಡೈಪೋಯಿಂದಿ ಎಲಾ ಇಸ್ತಾಮಮ್ಮಾ” ಎಂದು ಆ ಮನೆಯಾಕೆ ತೆಲುಗಿನಲ್ಲಿ ನೊಂದುಕೊಂಡರು. ಮನೆಗೆ ಬಂದ ಹೆಣ್ಣುಮಗಳ ಕೈಗೆ ಕೆಟ್ಟಿದ್ದನ್ನು ಹೇಗೆ ಕೊಡುವುದು, ಪಾಪ.

ಗೌರಿಬಿದನೂರಿನಲ್ಲೂ ಅದೇ ಕಥೆ. ಟೈಪಿಂಗ್ ಕಲಿಸುತ್ತಿದ್ದ ಮೇಷ್ಟ್ರು ಹೊಸ ಕೇಬಲ್ಲನ್ನೂ ಹಾಕಿಸಿ ಎಲೆ ಅಡಿಕೆ ಸಮೇತ ಒಪ್ಪಿಸಿದರು. ಚಿಕ್ಕಬಳ್ಳಾಪುರದ ಗುಜರಿಯಲ್ಲಾದರೂ ಸಿಕ್ಕೀತು ಎಂದುಕೊಂಡರೆ, ಗುಜರಿಯವನು ಚಿಕ್ಕಮ್ಮನ ಹಳೆಯ ಶಿಷ್ಯ! ಮೇಡಂಗೆ ಕೊಡುವುದಲ್ಲವೆ ಎಂದು ಇದ್ದಬದ್ದ ಮಾನಿಟರನ್ನೆಲ್ಲ ತಾನೇ ಕೂತು ಸರಿಮಾಡಿಟ್ಟಿದ್ದ. ಚೆನ್ನಾಗಿ ಕಲಿಸಿದ್ದರ ಫಲ, ಅನುಭವಿಸಲೇಬೇಕು!

ಶನಿವಾರ ಸಂಜೆ ನಾನು ಸೋತು, ಒಂದೆರಡು ವೈರು ಕಿತ್ತುಬಿಡಿ ಚಿಕ್ಕಮ್ಮ ಎಂದೆ. ದುರುಗುಟ್ಟಿ ನೋಡಿದರು.

“ನಾನೇ ಕೆಡಿಸಿದ್ರೆ ಉತ್ತರ ನಂಗೆ ಗೊತ್ತಿರುತ್ತೆ ಕಣೋ. ಕಲಿಯೋಕೆ ಬಂದೋರು ಮಾನಿಟರ್ ನೋಡಲ್ಲ, ಉತ್ತರಕ್ಕೆ ನನ್ನ ಮುಖ ನೋಡ್ತಾರೆ.”

ಭಾನುವಾರ ಹೆಂಗಸರು ಬಂದು ಕೂತರು. ಸುತ್ತ ಮಾನಿಟರುಗಳೆಲ್ಲ ಉರಿಯುತ್ತಿದ್ದವು, ಚಿಕ್ಕಮ್ಮನ ಮುಖ ಮಾತ್ರ ಆರಿತ್ತು. ಒಬ್ಬಿಬ್ಬರು ಗಡಿಯಾರ ನೋಡತೊಡಗಿದರು. ಅಷ್ಟರಲ್ಲಿ ತಡವಾಗಿ ಒಬ್ಬಳು ಹುಡುಗಿ ಬಂದಳು, ಹಿಂದೆಯೇ ಅವಳ ಅತ್ತೆ. ಸೊಸೆಯನ್ನು ವಾಪಸ್ಸು ಕರೆದೊಯ್ಯಲು ಬಂದರೇನೋ ಎಂದುಕೊಂಡೆ. ಆದರೆ ಆಕೆಯ ಸೊಂಟದ ಮೇಲೆ, ಬಿಂದಿಗೆ ಹೊತ್ತ ಹಾಗೆ, ಧೂಳು ಹಿಡಿದ ಒಂದು ಮಾನಿಟರ್ ಇತ್ತು. ಏದುಸಿರು ಬಿಡುತ್ತಾ ಅದನ್ನು ಚಿಕ್ಕಮ್ಮನ ಮುಂದೆ ಇಳಿಸಿದರು.

“ಮಗ ಅಂಗಡೀಲಿ ಸರಿ ಮಾಡಿಸ್ತೀನಿ ಅಂದ. ನಾನು ಬಿಡ್ಲಿಲ್ಲ ಕಣಮ್ಮ. ಇವಳೇ ಮಾಡ್ಲಿ.”

ಪಾಲಿಟೆಕ್ನಿಕ್‌ನ ಪುಂಡರನ್ನು ನಡುಗಿಸಿದ್ದ ನಮ್ಮ ಚಿಕ್ಕಮ್ಮನ ಕಣ್ಣು ತುಂಬಿ ಬಂತು. ಅವರು ಸ್ಕ್ರೂಡ್ರೈವರನ್ನು ಸೊಸೆಯ ಕೈಗಿತ್ತು, ಅತ್ತೆಗೆ ಕುರ್ಚಿ ಎಳೆದರು. ಆಕೆ ಕುರ್ಚಿ ಬೇಡವೆಂದು, ಸೆರಗು ಸಿಕ್ಕಿಸಿಕೊಂಡು ಸೊಸೆಯ ಪಕ್ಕದಲ್ಲೇ ನೆಲದ ಮೇಲೆ ಕೂತರು.