ಪಾಯ್ಸರ ಬಕೆಟ್ಟಿನ ನಾಗ

ಬಾಯೊಂದು ಸುಮ್ಮನಿದ್ದಿದ್ದರೆ ಪಾಯ್ಸರ ಆ ಶುಕ್ರವಾರದ ರಜೆಯೂ ಇಗರ್ಜಿ, ಊಟ, ನಿದ್ದೆ ಎಂದು ನೆಟ್ಟಗೆ ಕಳೆದುಹೋಗುತ್ತಿತ್ತು. ಆದರೆ ಬುಧವಾರ ಆಫೀಸಿನ ಲಿಫ್ಟಿನಲ್ಲಿ ಮ್ಯಾನೇಜರ್ ಬ್ರಾಡ್ಲಿ ಸಾಹೇಬ ಸಿಕ್ಕಿದ. ಅಮೆರಿಕದ ಕಡಲತೀರದವನು, ಮೀನು ಹಿಡಿಯುವುದೆಂದರೆ ಹುಚ್ಚು. ತನ್ನೂರಿನಲ್ಲಿ ಜೀವಂತ ಹಾವುಮೀನನ್ನು ಗಾಳಕ್ಕೆ ಸಿಕ್ಕಿಸಿ, ತೆರೆಯೊಳಗೆ ಎಸೆದು, ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆಮೀನು ಹಿಡಿಯುವ ಸುಖವನ್ನು ಹತ್ತು ಮಹಡಿಯುದ್ದ ವರ್ಣಿಸಿ, ಈ ದುಬೈಯಲ್ಲಿ ಜೀವಂತ ಹಾವುಮೀನು ಎಲ್ಲಿಂದ ತರಲಿ ಎಂದು ನಿಟ್ಟುಸಿರಿಟ್ಟ.

“ನಾನು ತರ್ತೇನೆ ಸರ್. ನಾವು ಮಂಗಳೂರಿನವರು, ಮೀನಿನ ಜತೆಗೇ ಬೆಳೆದವರು,” ಎಂದುಬಿಟ್ಟರು ಪಾಯ್ಸರು. ನಿಜ ಹೇಳಬೇಕೆಂದರೆ ಅವರು ಬೆಳೆದದ್ದು ಒಂದು ಬೇಕರಿಯ ಮಾಳಿಗೆಯಲ್ಲಿ. ಮೀನನ್ನು ಊಟದ ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ಎದುರಿಸಿದವರಲ್ಲ.

ಹಾಗೆ ಹೇಳಿಸಿದ್ದು ಭಯ. ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷ ಅದು. ಜುಮೇರಾ ಲೇಕ್ ಟವರ್ಸ್‌ನ ಆ ಆಫೀಸಿನಲ್ಲಿ ಅರ್ಧ ಕುರ್ಚಿಗಳು ಖಾಲಿಯಾಗಿದ್ದವು. ಪಾಯ್ಸರು ಸಾಮಾನು ನೋಡಿಕೊಳ್ಳುತ್ತಿದ್ದ ಸ್ಟೋರಿಗೆ ಇನ್ನು ಒಬ್ಬನೇ ಸಾಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಆ ಒಬ್ಬ ಪಾಯ್ಸರೋ, ಜತೆಗಿದ್ದ ಫಿಲಿಪಿನೋ ಸಹೋದ್ಯೋಗಿಯೋ ಎಂದು ಹೇಳಬೇಕಾದವನು ಬ್ರಾಡ್ಲಿ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಹತ್ತನೆಯ ತರಗತಿಯ ಮಗಳು ಸ್ಟೇಸಿ ನಡುವರ್ಷ ಶಾಲೆ ಬಿಟ್ಟು ವಿಮಾನ ಹತ್ತಬೇಕು.

ಶುಕ್ರವಾರ ಬೆಳಗ್ಗೆ ದೇರಾದ ಮೀನುಪೇಟೆಯಲ್ಲಿ ಉಳ್ಳಾಲದ ವ್ಯಾಪಾರಿ ಮುಹಿಯುದ್ದೀನನ ಕೈಕಾಲು ಹಿಡಿದು ಒಂದು ಹಾವುಮೀನು ಸಂಪಾದಿಸಿದರು. ತೋಳುದ್ದದ ಕಪ್ಪು ಪ್ರಾಣಿ, ಬಕೆಟ್ಟಿನ ಉಪ್ಪುನೀರಿನಲ್ಲಿ ಸುರುಳಿ ಸುತ್ತಿ ಮಲಗಿತ್ತು. ಸಾಹೇಬ ಬೀಚಿಗೆ ಬರುವುದು ಸಂಜೆ. ಅಲ್ಲಿಯತನಕ ಬಕೆಟ್ಟನ್ನು ಸತ್ವಾದಲ್ಲಿ ತಾವು ಬಾಡಿಗೆಗಿದ್ದ ವಿಲ್ಲಾದ ಬಚ್ಚಲಲ್ಲಿ ಮುಚ್ಚಿಟ್ಟು ಪಾಯ್ಸರು ಸಂಸಾರ ಸಮೇತ ಇಗರ್ಜಿಗೆ ಹೋದರು. ಆ ಬಚ್ಚಲು ಎರಡು ಸಂಸಾರಗಳದ್ದೆಂಬುದು ಅವರಿಗೆ ನೆನಪಾದದ್ದು, ವಾಪಸು ಬಂದು ಬಾಗಿಲು ತೆರೆದಾಗ ಕೇಳಿದ ಕಿರುಚಾಟದಿಂದ.

“ಪೊರ್ಬುಗಳೇ, ನಾಗ! ನಾಗ ಬಂದಿದ್ದಾನೆ!”

ಊರಿನ ಕ್ರೈಸ್ತರನ್ನು ಕರೆಯುವ ರೂಢಿಯಂತೆ ಪಾಯ್ಸರನ್ನು ಪೊರ್ಬುಗಳೆನ್ನುತ್ತಿದ್ದ ಪಕ್ಕದ ಕೋಣೆಯ ಲೋಲಾಕ್ಷಿ ಬಚ್ಚಲ ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದಳು. ಮುಚ್ಚಳ ತೆಗೆದವಳೇ ಬೊಬ್ಬೆ ಹೊಡೆದು ಬಕೆಟ್ಟು ಉರುಳಿಸಿದ್ದಳು. ಹಾವುಮೀನು ನೆಲದ ಮೇಲೆ ಹೊರಳುತ್ತಿತ್ತು. ಅವಳ ಗಂಡ ಗುಣಪಾಲ ಅದರ ಸುತ್ತ ಅರಸಿನ ಚೆಲ್ಲಿ, ತಟ್ಟೆಯಲ್ಲಿ ಹಾಲಿಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕಿ ಹುಡುಕಿ ಸೋತವನು. ಮುಂದಿನ ವಾರ ಅವನ ವೀಸಾ ಮುಗಿಯುವುದಿತ್ತು.

“ಊರಲ್ಲಿ ಈ ಸಲ ನಾಗನಿಗೆ ಹಾಲು ಸೀಯಾಳ ಎರೆದು ತನು ಹಾಕಿಸಲಿಲ್ಲ. ಅದಕ್ಕೇ ಕೆಲಸ ಸಿಗ್ಲಿಲ್ಲ, ಅದಕ್ಕೇ ಇಲ್ಲಿತನಕ ಹುಡುಕಿಕೊಂಡು ಬಂದದ್ದು,” ಎಂದು ಗುಣಪಾಲ ಕಣ್ಣೊರೆಸಿಕೊಂಡ.

ಇದು ಮೀನು ಮಾರಾಯಾ ಎನ್ನಲು ಪಾಯ್ಸರು ಬಾಯಿ ತೆರೆದರು. ಹೆಂಡತಿ ಅನ್ನಾ ಬೆನ್ನಿಗೆ ಚಿವುಟಿದಳು. ಒಣಮೀನಿನ ವಾಸನೆಗೇ ವಿಲ್ಲಾದ ಯಜಮಾನ ಒಮ್ಮೆ ಕೋಣೆ ಖಾಲಿ ಮಾಡಿ ಎಂದಿದ್ದ. ಬಚ್ಚಲಲ್ಲಿ ಮೀನು ಸಾಕಿದ್ದು ಅವನ ಕಿವಿಗೆ ಬಿದ್ದರೆ ಮುಗಿಯಿತು. ಪಾಯ್ಸರು ಮಾತು ಬದಲಿಸಿದರು.

“ನೀವು ಹೆದರ್ಬೇಡಿ ಲೋಲಾಕ್ಷಕ್ಕ. ನಾನು ಜಾಗ್ರತೆಯಲ್ಲಿ ಕೊಂಡುಹೋಗಿ ಬೀಚಿನ ಹತ್ತಿರ ಪೊದೆಯಲ್ಲಿ ಬಿಟ್ಟು ಬರ್ತೇನೆ.”

“ನೀವೊಬ್ರೇ ಹೋಗುದಾ? ನಾಗನನ್ನು ಹಾಗೆ ಕಳಿಸ್ಲಿಕ್ಕುಂಟಾ? ನಾವೂ ಬರ್ತೇವೆ!”

ಪಾಯ್ಸರು ಬೇಡವೆಂದಷ್ಟೂ ಅವರ ಭಕ್ತಿ ಹೆಚ್ಚಿತು. ಪಾಯ್ಸರು ಹಾವುಮೀನನ್ನು ಮತ್ತೆ ಬಕೆಟ್ಟಿಗೆ ಹಾಕುವಾಗ, ನಾಗನಿಗೆ ಶುದ್ಧನೀರೇ ಬೇಕೆಂದು ಲೋಲಾಕ್ಷಿ ಹಟ ಹಿಡಿದಳು. ಆಕೆ ಅತ್ತ ತಿರುಗಿದಾಗ, ಕಡಲಿನ ಮೀನು ಸಾಯದಿರಲೆಂದು ಅನ್ನಾ ಅಡುಗೆಮನೆಯ ಉಪ್ಪೆಲ್ಲ ಬಕೆಟ್ಟಿಗೆ ಸುರಿದಳು. ಸಂಜೆ ಸತ್ವಾದಿಂದ ಕಡಲಿನತ್ತ ಮೆರವಣಿಗೆ ಹೊರಟಿತು. ಮುಂದೆ ಬಕೆಟ್ಟು ಹೊತ್ತು ಬೆವರುತ್ತಿದ್ದ ಪಾಯ್ಸರು, ಹಿಂದೆ ಸೀಯಾಳ ಹಿಡಿದ ಗುಣಪಾಲ, ಅವನ ಹಿಂದೆ ಹೂವಿನ ತಟ್ಟೆ ಹಿಡಿದು, ದಾರಿಹೋಕರನ್ನು ಅತ್ತ ಸರಿಸುತ್ತಿದ್ದ ಲೋಲಾಕ್ಷಿ. ಟೈಲರ್ ಅಂಗಡಿಯವರು ಹೊಲಿಗೆ ನಿಲ್ಲಿಸಿ ನೋಡಿದರು.

ಬೀಚಿನಲ್ಲಿ ಪಾಯ್ಸರು ಕೊನೆಯ ಉಪಾಯ ಹೂಡಿದರು. “ಜನ ನೋಡ್ತಾ ಇದ್ರೆ ನಾಗ ಹೋಗುದಿಲ್ಲ. ನೀವು ಆ ಖರ್ಜೂರದ ಮರದ ಹಿಂದೆ ಕಣ್ಣು ಮುಚ್ಚಿ ನಿಲ್ಲಿ.”

ಇಬ್ಬರೂ ಭಕ್ತಿಯಿಂದ ನಿಂತರು. ಪಾಯ್ಸರು ಬಕೆಟ್ಟಿನೊಂದಿಗೆ ಓಡಿದರು. ತೆರೆಯಂಚಿನಲ್ಲಿ ಕಾಯುತ್ತಿದ್ದ ಬ್ರಾಡ್ಲಿ ಹಾವುಮೀನು ಕಂಡು ಮಗುವಿನಂತೆ ಕುಣಿದ, ಪಾಯ್ಸರನ್ನು ತಬ್ಬಿಕೊಂಡ. ಅದರ ದವಡೆಗೆ ಗಾಳ ಚುಚ್ಚಿ, ಉದ್ದದ ಕೋಲನ್ನು ಬೀಸಿ ಎಸೆದ. ಪಾಯ್ಸರ ಎದೆ ಹಗುರಾಯಿತು. ಕೆಲಸ ಉಳಿಯಿತು ಎಂದುಕೊಂಡರು.

ಅಷ್ಟರಲ್ಲಿ ಲೋಲಾಕ್ಷಿ ಕಣ್ಣು ಬಿಟ್ಟಿದ್ದಳು. ನಾಗ ಆಕಾಶದಲ್ಲಿ ಹಾರಿ ಸಮುದ್ರಕ್ಕೆ ಬೀಳುವುದನ್ನು ಕಂಡವಳು ಹಾಕಿದ ಕೂಗಿಗೆ ಬೀಚಿನ ಕಾಗೆಗಳೆಲ್ಲ ಎದ್ದವು. ಗುಣಪಾಲ ಸೀಯಾಳ ಬಿಸಾಡಿ ಓಡಿಬಂದ. ಪ್ಯಾಂಟು ಶರ್ಟಿನಲ್ಲೇ ಎದೆಮಟ್ಟದ ನೀರಿಗಿಳಿದು ಗಾಳದ ದಾರ ಹಿಡಿದುಕೊಂಡ. ಅದೇ ಗಳಿಗೆಗೆ ಆ ತುದಿಯಲ್ಲಿ ಏನೋ ದೊಡ್ಡದು ದಾರ ಜಗ್ಗಿತು.

“ನನ್ನ ನಾಗನನ್ನು ಬಿಡು!” ಎಂದು ಗುಣಪಾಲ ಕಡಲಿಗೇ ಬೈದ. ತೆರೆ ಮುಖಕ್ಕೆ ಹೊಡೆಯಿತು. ದಾರ ಅಂಗೈ ಕೊಯ್ದು ರಕ್ತ ಬಂತು. ಅವನು ಬಿಡಲಿಲ್ಲ. ಎಳೆದೂ ಎಳೆದೂ ಕೊನೆಗೆ ಕರುವಿನಷ್ಟು ದಪ್ಪದ ಹಮೂರ್ ಮೀನೊಂದನ್ನು ಮರಳಿಗೆ ಹಾಕಿದ. ಅದರ ಬಾಯಿಗೆ ಕೈತೂರಿಸಿ ಹಾವುಮೀನನ್ನು ಮೆಲ್ಲನೆ ಬಿಡಿಸಿ, ಜೀವವಿದೆಯೆಂದು ನೋಡಿ, ಬಕೆಟ್ಟಿನೊಳಗಿಟ್ಟು ಮುಚ್ಚಳ ಹಾಕಿದ. ಹಮೂರಿನ ಕಡೆ ತಿರುಗಿಯೂ ನೋಡಲಿಲ್ಲ.

ತನ್ನ ಕಥೆ ಖಲಾಸ್ ಎಂದು ಪಾಯ್ಸರು ತಲೆ ತಗ್ಗಿಸಿ ನಿಂತರು. ಆದರೆ ಬ್ರಾಡ್ಲಿಯ ಕಣ್ಣು ತುಂಬಿತ್ತು.

“ನೋಡಿದೆಯಾ ಪಾಯ್ಸ್? ಇಷ್ಟು ದೊಡ್ಡ ಮೀನು ಸಿಕ್ಕರೂ ಎರೆಯನ್ನು ಹಾಳು ಮಾಡಲಿಲ್ಲ, ಜೋಪಾನವಾಗಿ ಎತ್ತಿಟ್ಟ! ಯಾರಿವನು? ಏನು ಕೆಲಸ?”

“ನೆರೆಯವನು ಸರ್. ಕೆಲಸ ಇಲ್ಲ.” ಮತ್ತೆ ಬಾಯಿ ಸುಮ್ಮನಿರಲಿಲ್ಲ.

ಬ್ರಾಡ್ಲಿ ಪಾಯ್ಸರ ಹೆಗಲ ಮೇಲೆ ಕೈಯಿಟ್ಟ. “ನಿನ್ನನ್ನೇ ಉಳಿಸಬೇಕೆಂದಿದ್ದೆ. ಆದರೆ ಸ್ಟೋರಿಗೆ ಇಂಥವನೇ ಬೇಕು. ನಿನ್ನ ಸಂಬಳದ ಅರ್ಧಕ್ಕೆ ಬರುತ್ತಾನೆ, ಮೇಲಿನವರಿಗೂ ಒಪ್ಪಿಗೆಯಾಗುತ್ತದೆ. ಅವನಿಗೆ ಇಂಗ್ಲಿಷ್ ಬರುವುದಿಲ್ಲವೇನೋ, ನೀನೇ ಹೇಳು.”

ಪಾಯ್ಸರು ಹೇಳಿದರು. ಗುಣಪಾಲ ನಂಬಲಿಲ್ಲ, ಎರಡು ಸಲ ಹೇಳಬೇಕಾಯಿತು. ಲೋಲಾಕ್ಷಿ ಬಕೆಟ್ಟಿನ ಮುಂದೆ ಮರಳಿನಲ್ಲಿ ಅಡ್ಡಬಿದ್ದಳು. ಗುಣಪಾಲ ರಕ್ತದ ಕೈಯಲ್ಲೇ ಪಾಯ್ಸರ ಎರಡೂ ಕೈ ಹಿಡಿದುಕೊಂಡ.

“ಪೊರ್ಬುಗಳೇ, ನಿಮ್ಮಿಂದ ನಮಗೆ ಬದುಕು ಸಿಕ್ಕಿತು! ಆದ್ರೆ ನಂಗೆ ಸ್ಟೋರಿನ ಕೆಲಸ ಎಂತದೂ ಗೊತ್ತಿಲ್ಲ. ನೀವು ಜತೆಗೆ ಇರ್ತೀರಲ್ಲ?”

“ಇರ್ತೇನೆ,” ಎಂದರು ಪಾಯ್ಸರು. “ಈ ತಿಂಗಳು ಮುಗಿಯುವತನಕ.”